ಮಕ್ಕಳ ಮೊದಲ ಕಾರು ಮತ್ತು ನಮ್ಮ ಘಟ್ಟದ ರಸ್ತೆ

(ಸಕಲೇಶಪುರ–ಆಲೂರು ಭಾಗದ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಣ್ಣು, ಮಳೆ, ಮೆಣಸಿನ ಬಳ್ಳಿಯ ಸೊರಗು ರೋಗ, ಇವುಗಳ ಕುರಿತು ಮಾತನಾಡಿ ರೂಢಿಯಿರುವ ನನಗೆ ಸಂಘಟಕರು ಈ ಸಲ ಕಾರಿನ ವಿಷಯವನ್ನು ಒಪ್ಪಿಸಿದ್ದಾರೆ. ನಗಬೇಡಿ. ತೋಟಗಳಿಗೆ ಹೋದಾಗ ರೋಗ ಕೀಟಗಳ ಮಾತು ಮುಗಿದ ಮೇಲೆ, ಕಾಫಿಯ ಲೋಟವನ್ನು ಕೈಗೆ ಕೊಡುತ್ತಾ ಮನೆಯವರು ಈಗೀಗ ಕೇಳುವ ಪ್ರಶ್ನೆ ಇದೇ ಆಗಿದೆ: "ಮಗನಿಗೆ ಹದಿನೆಂಟು ತುಂಬಿತು ಡಾಕ್ಟ್ರೇ, ಯಾವ ಕಾರು ಕೊಡಿಸಬಹುದು?" ಮಗಳಿಗಾಗಿ ಕೇಳುವವರು ಅಪರೂಪ. ತೋಟದ ಮನೆಗಳಲ್ಲಿ ಗಂಡುಮಕ್ಕಳಿಗೆ ಜೀಪಿನ ಕೀಲಿ, ಹೆಣ್ಣುಮಕ್ಕಳಿಗೆ ಬಸ್ ಪಾಸ್ ಎಂಬ ವಿಂಗಡಣೆ ಇನ್ನೂ ಹೋಗಿಲ್ಲ.

ಬಸ್ಸಿನ ಬೇಡಿಕೆಯನ್ನು ಕೈಬಿಟ್ಟು ಮನೆಗೊಂದು ಕಾರು ಕೊಳ್ಳಿರೆಂದು ಹೇಳಲು ನಾನು ಬಂದಿಲ್ಲ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಹೆತ್ತೂರು, ಯಸಳೂರು ಕಡೆಯ ವಿದ್ಯಾರ್ಥಿಗೆ ಮನೆ ಸೇರುವ ದಾರಿಯೇ ಇಲ್ಲದಿರುವುದು ನಮ್ಮೆಲ್ಲರ ಹಳೆಯ ದೂರು. ಅದು ಹಾಗೆಯೇ ಇರಲಿ. ಆದರೆ ಕಾರು ಮನೆಗೆ ಬಂದೇ ಬರುತ್ತದೆ ಎಂದಾದರೆ, ಯಾವುದು ಬರಬೇಕು ಎಂಬುದನ್ನು ಜಾಹೀರಾತು ತೀರ್ಮಾನಿಸಬಾರದು.

ಯಾವ ತಳಿ ಒಳ್ಳೆಯದೆಂದು ರೈತರು ಕೇಳಿದಾಗ ನಾವು ಮರುಪ್ರಶ್ನೆ ಹಾಕುತ್ತೇವೆ: ಭೂಮಿ ಎಲ್ಲಿದೆ, ನೆರಳೆಷ್ಟು, ಮಳೆಯೆಷ್ಟು? ಇಲ್ಲಿಯೂ ಅದೇ ಕ್ರಮ. ಕಾರನ್ನು ನೋಡುವ ಮೊದಲು ಅದು ಓಡಬೇಕಾದ ರಸ್ತೆಯನ್ನು ನೋಡೋಣ.

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಬಾಳ್ಳುಪೇಟೆ, ಸಕಲೇಶಪುರಗಳನ್ನು ದಾಟಿ, ದೋಣಿಗಾಲ್, ಮಾರನಹಳ್ಳಿಗಳ ಮೂಲಕ ಶಿರಾಡಿ ಘಟ್ಟವನ್ನು ಇಳಿಯುತ್ತದೆ. ಹಗಲಿರುಳೆನ್ನದೆ ಮಂಗಳೂರು ಬಂದರಿನ ಲಾರಿಗಳು, ಟ್ಯಾಂಕರುಗಳು ಅದರ ಮೇಲೆ ಸಾಗುತ್ತವೆ. 2018ರ ಆಗಸ್ಟಿನಲ್ಲಿ, ಮತ್ತೆ 2024ರ ಜುಲೈಯಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಸಂಚಾರ ನಿಂತದ್ದು ನಿಮಗೆಲ್ಲ ನೆನಪಿದೆ. ಇನ್ನು ಹೆತ್ತೂರು, ವನಗೂರು, ಬಿಸಿಲೆಯ ಕಡೆ ಹೋಗುವ ರಸ್ತೆಗಳೂ, ಆಲೂರಿನ ಕೆಂಚಮ್ಮನ ಹೊಸಕೋಟೆ, ಮಗ್ಗೆ ಕಡೆಯ ರಸ್ತೆಗಳೂ ಬೇರೆ ಸ್ವಭಾವದವು. ಇಕ್ಕಟ್ಟು, ಎರಡೂ ಬದಿ ತೋಟದ ಬೇಲಿ, ಮಳೆಗಾಲದಲ್ಲಿ ಅಂಚಿಗೆ ಪಾಚಿ, ನಾಟಿಯ ದಿನಗಳಲ್ಲಿ ಟ್ರ್ಯಾಕ್ಟರಿನ ಗಾಲಿಯಿಂದ ಉದುರಿದ ಕೆಸರು. ಎದುರಿಗೆ ಬಸ್ಸು ಬಂದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕು.

ಈ ರಸ್ತೆಯ ಲೆಕ್ಕವೊಂದನ್ನು ನೋಡೋಣ. ವಿಜ್ಞಾನದ ವಿದ್ಯಾರ್ಥಿಗಳು ಮನೆಗೆ ಹೋಗಿ ಪರೀಕ್ಷಿಸಬಹುದು. ಒದ್ದೆ ರಸ್ತೆಯ ಘರ್ಷಣಾಂಕವನ್ನು 0.4 ಎಂದೂ, ಇಳಿಜಾರನ್ನು ಹನ್ನೆರಡು ಅಡಿಗೆ ಒಂದಡಿ ಎಂದೂ ಇಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿಯುತ್ತಿರುವವನಿಗೆ ಎದುರಿನ ಅಡ್ಡಿ ಕಂಡು ಕಾಲು ಬ್ರೇಕಿನ ಮೇಲೆ ಬರಲು ಒಂದು ಸೆಕೆಂಡು ಬೇಕಾದರೆ, ಆ ಒಂದು ಸೆಕೆಂಡಿನಲ್ಲೇ ಕಾರು 11 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನು 20 ಮೀಟರ್. ಒಟ್ಟು 31. ಅದೇ ಕಾರು 60 ಕಿ.ಮೀ. ವೇಗದಲ್ಲಿದ್ದರೆ ಒಟ್ಟು 61 ಮೀಟರಿಗೂ ಹೆಚ್ಚು ಬೇಕು. ಜುಲೈ ತಿಂಗಳ ಬೆಳಿಗ್ಗೆ ಮಂಜರಾಬಾದ್ ಕೋಟೆಯ ಬುಡದಲ್ಲಿ ಮಂಜು ಕವಿದಾಗ 30 ಮೀಟರ್ ಕಂಡರೆ ಹೆಚ್ಚು. ಅಂದರೆ ನಾವು ನಿಧಾನವೆಂದು ಭಾವಿಸುವ 40 ಕೂಡ ಅಲ್ಲಿ ಹೆಚ್ಚಾಯಿತು. ಹೊಸದಾಗಿ ಕಲಿತವರಿಗೆ ಆ ಒಂದು ಸೆಕೆಂಡು ಒಂದೂವರೆಯೂ ಆದೀತು. ಅವರಿಗೆ ಕೈಕಾಲಿನ ಚುರುಕು ಇರುತ್ತದೆ, ಅಪಾಯ ಎಲ್ಲಿಂದ ಬರಬಹುದೆಂಬ ಊಹೆ ಇನ್ನೂ ಬಲಿತಿರುವುದಿಲ್ಲ.

ಇಂತಹ ರಸ್ತೆಗೆ ನಾವು ಸಾಮಾನ್ಯವಾಗಿ ಮಾಡುವುದೇನು? ಮನೆಯಲ್ಲಿರುವ ಅತ್ಯಂತ ಹಳೆಯ ವಾಹನವನ್ನು ಅತ್ಯಂತ ಕಿರಿಯನ ಕೈಗೆ ಕೊಡುತ್ತೇವೆ. ತೋಟದ ಹಳೆಯ ಜೀಪು, ಇಲ್ಲವೇ ಮೂಲೆಯಲ್ಲಿ ನಿಂತ ಮಾರುತಿ 800. "ಕಲಿಯಲಿಕ್ಕೆ ಇದೇ ಸಾಕು, ಎಲ್ಲಾದರೂ ಗುದ್ದಿದರೂ ನಷ್ಟವಿಲ್ಲ." ಈ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಕೇಳಿಕೊಳ್ಳಿ. ನಷ್ಟವನ್ನು ನಾವು ತಗಡಿನ ಲೆಕ್ಕದಲ್ಲಿ ಅಳೆಯುತ್ತಿದ್ದೇವೆ. ಇಪ್ಪತ್ತು ವರ್ಷ ಘಟ್ಟ ಇಳಿದ ತಂದೆಗೆ ಏರ್‌ಬ್ಯಾಗ್ ಇರುವ ಹೊಸ ಕಾರು, ಇಪ್ಪತ್ತು ದಿನದ ಹಿಂದೆ ಲೈಸೆನ್ಸ್ ಪಡೆದ ಮಗುವಿಗೆ ಸೀಟ್ ಬೆಲ್ಟೂ ಇಲ್ಲದ ಜೀಪು! ನರ್ಸರಿಯಲ್ಲಿ ಎಳೆಯ ಸಸಿಗೆ ನೆರಳು ಕಟ್ಟುವ ನಾವೇ ಇಲ್ಲಿ ತದ್ವಿರುದ್ಧ ಮಾಡುತ್ತೇವೆ.

ಜೀಪು ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ತೋಟದೊಳಗಿನ ಕೆಸರಿಗೆ ಅದು ನಿಜ. ಡಿಕ್ಕಿಯಾದಾಗ ನಿಜವಲ್ಲ. ಇಂದಿನ ಕಾರಿನ ಮುಂಭಾಗ ಬೇಕೆಂದೇ ನುಜ್ಜುಗುಜ್ಜಾಗುವಂತೆ ರಚಿತವಾಗಿರುತ್ತದೆ. ಹೊಡೆತದ ಶಕ್ತಿಯನ್ನು ಆ ತಗಡು ನುಂಗುತ್ತದೆ, ಕುಳಿತವರಿರುವ ಗೂಡು ಉಳಿಯುತ್ತದೆ. ಮುದುಡದ ಹಳೆಯ ಚಾಸಿಯು ಆ ಶಕ್ತಿಯನ್ನು ನೇರವಾಗಿ ಒಳಗಿನವರ ಎದೆಗೆ, ತಲೆಗೆ ದಾಟಿಸುತ್ತದೆ. ಹಿಂದೆ ಎದುರುಬದುರಾಗಿ ಕುಳಿತ ಆರೇಳು ಗೆಳೆಯರಿಗಂತೂ ಹಿಡಿದುಕೊಳ್ಳಲು ಒಂದು ಕಂಬಿ ಮಾತ್ರ.

ಹಾಗಾದರೆ ಹೊಸ ಕಾರನ್ನೇ ಕೊಳ್ಳಬೇಕೇ? ಅಗತ್ಯವಿಲ್ಲ. ಕಾಫಿಯ ಬೆಲೆ ಎರಡು ವರ್ಷ ಏರಿ ಮೂರನೆಯ ವರ್ಷ ಇಳಿಯುವ ನಾಡಿನಲ್ಲಿ ಕಂತಿನ ಸಾಲವನ್ನು ನಾನು ಸೂಚಿಸಲಾರೆ. ಸೆಕೆಂಡ್ ಹ್ಯಾಂಡ್ ಕಾರು ಸಾಕು, ಆದರೆ ಆರ್.ಸಿ. ಪುಸ್ತಕದಲ್ಲಿ ತಯಾರಿಕೆಯ ತಿಂಗಳು, ವರ್ಷಗಳನ್ನು ಮೊದಲು ಓದಿ. ನಮ್ಮ ದೇಶದಲ್ಲಿ ಕಾರುಗಳಿಗೆ ಎ.ಬಿ.ಎಸ್. ಬ್ರೇಕ್ 2019ರ ಏಪ್ರಿಲಿನಿಂದ ಕಡ್ಡಾಯವಾಯಿತು. ಚಾಲಕನ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಎಚ್ಚರಿಕೆ, 80 ಕಿ.ಮೀ. ದಾಟಿದಾಗ ಸದ್ದು ಮಾಡುವ ವ್ಯವಸ್ಥೆ, ಇವು 2019ರ ಜುಲೈಯಿಂದ. ಪಕ್ಕದಲ್ಲಿ ಕೂರುವವರ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಬಂದದ್ದು 2021ರ ಕೊನೆಯ ಹೊತ್ತಿಗೆ. ಆದ್ದರಿಂದ 2022ರ ನಂತರ ತಯಾರಾದ ಸಾಧಾರಣ ಕಾರೊಂದು, 2015ರ ದುಬಾರಿ ಕಾರಿಗಿಂತ ನಿಮ್ಮ ಮಗುವಿಗೆ ಹೆಚ್ಚು ಹಿತವಾಗಿರಬಹುದು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ನೋಡಿದಾಗ, ದೊಡ್ಡವರ ರಕ್ಷಣೆಯಲ್ಲಿ ಅವುಗಳಿಗೆ ದೊರೆತದ್ದು ಸೊನ್ನೆ ನಕ್ಷತ್ರ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಇದೆ. ಕೊಳ್ಳುವ ಮಾದರಿಯ ಅಂಕವನ್ನು ನೋಡುವುದು ಮೈಲೇಜ್ ಕೇಳುವಷ್ಟೇ ಸಹಜವಾಗಲಿ. ತಿರುವಿನಲ್ಲಿ ಜಾರುವ ಕಾರನ್ನು ತಾನಾಗಿ ಹಿಡಿತಕ್ಕೆ ತರುವ ಇ.ಎಸ್.ಸಿ. ಎಂಬ ವ್ಯವಸ್ಥೆ ಇದ್ದರೆ, ಬಣ್ಣಕ್ಕೂ ಸಂಗೀತದ ಪೆಟ್ಟಿಗೆಗೂ ಕೊಡುವ ಹಣವನ್ನು ಅದಕ್ಕೆ ಕೊಡಿ. ಘಟ್ಟದವರಿಗೆ ಅದು ಐಷಾರಾಮವಲ್ಲ.

ವಿದ್ಯಾರ್ಥಿಗಳಿಗೆ ಬೇಸರವಾಗುವ ಮಾತೊಂದಿದೆ. ಎತ್ತರದ, ಭಾರೀ ಶಕ್ತಿಯ ವಾಹನ ಮೊದಲ ಕಾರಾಗಬಾರದು. ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚು, ಮೂತಿಯ ಮುಂದೆ ಕಾಣದ ಜಾಗವೂ ಹೆಚ್ಚು. ತೀರ ಪುಟ್ಟದೂ ಬೇಡ. ಮಧ್ಯಮ ತೂಕದ, ಚುರುಕಿಲ್ಲದ, ಗೆಳೆಯರು ನೋಡಿ "ಇದೇನೋ ಮೇಷ್ಟ್ರ ಕಾರು" ಎನ್ನುವಂತಹ ಕಾರು ಉತ್ತಮ. ವಿದ್ಯುತ್ ಕಾರಿನ ಬಗ್ಗೆಯೂ ಕೇಳುತ್ತೀರಿ. ಇಳಿಜಾರಿನಲ್ಲಿ ಅದರ ಮೋಟಾರೇ ವೇಗವನ್ನು ಹಿಡಿದು ಬ್ಯಾಟರಿಗೆ ಶಕ್ತಿ ತುಂಬುವುದು ಘಟ್ಟಕ್ಕೆ ಹೇಳಿ ಮಾಡಿಸಿದ ಗುಣ. ಆದರೆ ಕಾಲಿಟ್ಟ ಕ್ಷಣ ಪೂರ್ಣ ಬಲದಿಂದ ಚಿಮ್ಮುವುದೂ ಅದರ ಗುಣವೇ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದ ಊರಿನವರು ಎರಡು ಸಲ ಯೋಚಿಸಲಿ.

ಇಳಿಯುವ ವಿದ್ಯೆಗೆ ಬರುತ್ತೇನೆ, ಏಕೆಂದರೆ ಕಾರಿನ ಆಯ್ಕೆಗೂ ಇದಕ್ಕೂ ಸಂಬಂಧವಿದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬುದು ಹಳೆಯ ಲಾರಿ ಚಾಲಕರ ಪಾಠ. ನಮ್ಮಲ್ಲಿ ಹಲವರು ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ, ಕೆಲವರು ಎಂಜಿನ್ನನ್ನೇ ಆರಿಸಿ ಇಳಿಯುತ್ತಾರೆ. ಮಕ್ಕಳು ಅದನ್ನು ಪಕ್ಕದ ಸೀಟಿನಲ್ಲಿ ಕುಳಿತೇ ಕಲಿತಿರುತ್ತಾರೆ. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನದ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಪೆಟ್ರೋಲ್ ಬೇಕು. ಉಳಿತಾಯವೆಂದುಕೊಂಡದ್ದು ಖರ್ಚು! ಎಂಜಿನ್ ಆರಿಸಿದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಿನಂತೆ ಬಿಗಿಯುತ್ತದೆ, ಪವರ್ ಸ್ಟಿಯರಿಂಗ್ ಭಾರವಾಗುತ್ತದೆ. ಉದ್ದಕ್ಕೂ ಬ್ರೇಕ್ ಮೇಲೆಯೇ ಇಳಿದರೆ ಅದು ಕಾಯುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ದ್ರವವಾದ್ದರಿಂದ, ಹಳೆಯ ಎಣ್ಣೆಯೊಳಗಿನ ನೀರು ಕುದಿದು ಆವಿಯಾಗಿ ಪೆಡಲ್ ಪೊಳ್ಳಾಗಿ ಇಳಿಯುತ್ತದೆ. ನಮ್ಮಷ್ಟು ತೇವದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಆ ಎಣ್ಣೆಯನ್ನು ಬದಲಿಸಬೇಕು. ಆಟೋಮ್ಯಾಟಿಕ್ ಕಾರು ಕೊಳ್ಳುವವರು, ಕೆಳಗಿನ ಗೇರನ್ನು ಕೈಯಿಂದ ಹಿಡಿದಿಡುವ ಸೌಲಭ್ಯ ಇದೆಯೇ ಎಂದು ನೋಡಿ, ಅದರ ಬಳಕೆಯನ್ನು ಮಗುವಿಗೆ ಕಲಿಸಿ.

ಇನ್ನು ಆನೆ. ನಮ್ಮೆರಡು ತಾಲ್ಲೂಕುಗಳಲ್ಲಿ ಆನೆಯನ್ನು ಲೆಕ್ಕಕ್ಕೆ ಹಿಡಿಯದ ರಸ್ತೆ ಪಾಠ ಅರ್ಧ ಪಾಠ. ಮುಸ್ಸಂಜೆಯಲ್ಲಿ ತೋಟದ ನೆರಳಿನಿಂದ ರಸ್ತೆಗಿಳಿಯುವ ಆ ಬೂದು ಮೈ ದೀಪದ ಬೆಳಕನ್ನು ಮರಳಿಸುವುದಿಲ್ಲ. ಕಂಡಾಗ ತೀರ ಹತ್ತಿರವಿರುತ್ತದೆ. ಕಣ್ಣು ಕುಕ್ಕುವ ಹೆಚ್ಚುವರಿ ಎಲ್.ಇ.ಡಿ. ದೀಪ, ಸದ್ದು ಮಾಡುವ ಸೈಲೆನ್ಸರ್, ಕರ್ಕಶ ಹಾರ್ನ್, ಹುಡುಗರು ಮೊದಲ ತಿಂಗಳಲ್ಲೇ ಹಾಕಿಸುವ ಅಲಂಕಾರಗಳಿವು. ಎದುರು ಬರುವ ಚಾಲಕನಿಗೂ ಆನೆಗೂ ಇವು ಸಮಾನವಾಗಿ ಕೇಡು. ಆನೆ ಕಂಡರೆ ದೂರದಲ್ಲೇ ನಿಲ್ಲಬೇಕು, ಹಾರ್ನ್ ಮಾಡಕೂಡದು, ಹಿಂದಕ್ಕೆ ಸರಿಯಬೇಕು. ಏರುರಸ್ತೆಯಲ್ಲಿ ನೇರವಾಗಿ ಐವತ್ತು ಮೀಟರ್ ರಿವರ್ಸ್ ಬರಲು ಗೊತ್ತಿಲ್ಲದವರಿಗೆ ಸಂಜೆಯ ನಂತರ ಕೀಲಿ ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ. ಆನೆಗಳಿರುವ ಜಾಗ ತಿಳಿಸುವ ಮೊಬೈಲ್ ಸಂದೇಶಗಳೂ ದೀಪದ ಸೂಚನೆಗಳೂ ನಮ್ಮ ಭಾಗಕ್ಕೆ ಬಂದಿವೆ. ಹೊರಡುವ ಮುನ್ನ ನೋಡಿ. ಹೊರಟ ಮೇಲೆ ಮೊಬೈಲ್ ಚೀಲದಲ್ಲಿರಲಿ.

ಕಾನೂನಿನ ವಿಷಯ ಚಿಕ್ಕದು, ಆದರೆ ಕಟುವಾದುದು. ಕಾರಿಗೆ ಹದಿನೆಂಟು ತುಂಬಿರಲೇಬೇಕು. "ಊರೊಳಗೆ ತಾನೇ, ಹಾಲಿನ ಡೇರಿಯವರೆಗೆ ತಾನೇ" ಎಂಬ ಸಮಾಧಾನ ನಡೆಯದು. ಊರ ರಸ್ತೆಯೂ ಸಾರ್ವಜನಿಕ ಸ್ಥಳವೇ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ ಇಪ್ಪತ್ತೈದು ವರ್ಷದವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವರಿಂದ ಅಪಘಾತವಾದಾಗ ವಿಮಾ ಕಂಪನಿಯು ತಾನು ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲು ಮಾಡಲು ಅವಕಾಶವಿದೆ. ತೋಟವೇ ಕೈಬಿಡುವ ಮೊತ್ತ ಅದಾಗಬಹುದು.

ಹದಿನೆಂಟು ತುಂಬಿದ ಮರುದಿನವೇ ಎಲ್ಲ ರಸ್ತೆಗಳೂ ತೆರೆಯಬೇಕೆಂದೇನೂ ಇಲ್ಲ. ನ್ಯೂಜಿಲೆಂಡ್ ದೇಶ 1987ರಲ್ಲೇ ಹಂತಹಂತದ ಲೈಸೆನ್ಸ್ ಕ್ರಮ ತಂದಿತು. ನಿರ್ಬಂಧಿತ ಹಂತದಲ್ಲಿರುವವರು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಬ್ಬರೇ ಓಡಿಸುವಂತಿಲ್ಲ. ಅನುಭವಿ ಚಾಲಕರು ಪಕ್ಕದಲ್ಲಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಸಮವಯಸ್ಕರು ಜೊತೆಗಿದ್ದಷ್ಟೂ, ಕತ್ತಲಾದಷ್ಟೂ ಹೊಸ ಚಾಲಕರ ಅಪಾಯ ಹೆಚ್ಚುತ್ತದೆ ಎಂಬುದು ಅದರ ಹಿಂದಿನ ತಿಳಿವು. ನಮ್ಮ ಕಾನೂನಿನಲ್ಲಿ ಇದಿಲ್ಲ. ಮನೆಯಲ್ಲಿ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ನನಗೆ ಪರಿಚಯವಿರುವ ಬೆಳೆಗಾರರೊಬ್ಬರು ಮಗಳೊಡನೆ ಹೀಗೆ ಒಪ್ಪಂದ ಮಾಡಿಕೊಂಡರು: ಮೊದಲ ಮಳೆಗಾಲ ಅಪ್ಪನೋ ಚಿಕ್ಕಪ್ಪನೋ ಪಕ್ಕದಲ್ಲಿರಬೇಕು, ಶಿರಾಡಿಯ ಇಳಿಜಾರು ಎರಡನೆಯ ವರ್ಷಕ್ಕೆ, ಮದುವೆ ಮನೆಯಿಂದ ತಡವಾದರೆ ಅಲ್ಲೇ ಉಳಿದು ಬೆಳಿಗ್ಗೆ ಬರಬೇಕು, ಅದಕ್ಕೆ ಯಾರೂ ಬೈಯುವಂತಿಲ್ಲ. ಕೊನೆಯ ಷರತ್ತನ್ನು ಸೇರಿಸಿದವಳು ಮಗಳು. ಒಪ್ಪಂದದಲ್ಲಿ ಅಪ್ಪನಿಗೂ ಒಂದು ಕಲಮು ಬಿತ್ತು: ಹಿಂದಿನ ಸೀಟಿನಲ್ಲಿ ಕುಳಿತಾಗಲೂ ಬೆಲ್ಟ್.

ಕೊನೆಯದಾಗಿ ಟೈರು. ಹಳೆಯ ಕಾರು ನೋಡಲು ಹೋದಾಗ ಹೊಳೆಯುವ ಬಾನೆಟ್ ಬಿಟ್ಟು ಬಗ್ಗಿ ನೋಡಿ. ಕೆಳಗೆ ತುಕ್ಕು ಎಷ್ಟಿದೆ, ಏರಿನಲ್ಲಿ ನಿಲ್ಲಿಸಿದರೆ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ. ಟೈರಿನ ಕಚ್ಚು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬುದು ನಿಯಮ. ನಮ್ಮ ಮಳೆಗೆ 3 ಮಿಲಿಮೀಟರಾದರೂ ಇರಲಿ. ಕಚ್ಚು ಚೆನ್ನಾಗಿದ್ದರೂ ರಬ್ಬರು ಮುದಿಯಾಗುತ್ತದೆ. ಟೈರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಕೆಲವರು ತಲೆಯಾಡಿಸುತ್ತಿದ್ದೀರಿ, ಕೆಲವರು ಅನುಮಾನಿಸುತ್ತಿದ್ದೀರಿ. ಹೊರಗೆ ಅಂಗಳದಲ್ಲಿ ನಮ್ಮವೇ ಹತ್ತಾರು ಕಾರು, ಜೀಪುಗಳು ನಿಂತಿವೆ. ವಿದ್ಯಾರ್ಥಿಗಳು ಒಂದೊಂದು ಅಳತೆಪಟ್ಟಿ ಹಿಡಿದುಕೊಂಡು ಬನ್ನಿ, ನನ್ನ ಕಾರಿನಿಂದಲೇ ಆರಂಭಿಸೋಣ. ಪ್ರಶ್ನೆಗಳನ್ನು ಅಲ್ಲೇ ಕೇಳಬಹುದು.