ಸಕ್ಕರೆ ಕಾಯಿಲೆಯೂ ಮಾಯದ ಗಾಯವೂ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹೊಲದಲ್ಲಿ ಕಾಲಿಗೆ ಕೂಳೆ ಚುಚ್ಚಿದರೆ ಕೆಲವು ದಿನಗಳಲ್ಲಿ ಗಾಯ ಮಾಯುವುದನ್ನು ತಾವೆಲ್ಲರೂ ಬಲ್ಲಿರಿ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ಅಂಥದೇ ಗಾಯ ತಿಂಗಳುಗಟ್ಟಲೆ ಮಾಯದೆ, ಕೊಳೆತು, ಕಾಲನ್ನೇ ತೆಗೆಯಬೇಕಾಗುವುದೂ ಉಂಟು. ಇದೇಕೆ?

ನಮ್ಮ ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಅವರ ಸಂಗಡಿಗರು ಇದನ್ನು ಬೇರ್ಪಡಿಸಿದರು. 1922ರಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಕೊಟ್ಟು ಅವನನ್ನು ಉಳಿಸಿದರು. ರಕ್ತದ ಸಕ್ಕರೆಯನ್ನು ಇಳಿಸುವುದಷ್ಟೇ ಇದರ ಕೆಲಸವಲ್ಲ. ರಕ್ತನಾಳದ ಗೋಡೆಗೂ ಇದರ ಅಪ್ಪಣೆ ಬೇಕು.

ಆ ಅಪ್ಪಣೆ ಎರಡು ಬಗೆ. ಮೊದಲನೆಯದು ನಾಳವನ್ನು ಸಡಿಲಗೊಳಿಸಿ ರಕ್ತ ಸರಾಗವಾಗಿ ಹರಿಯುವಂತೆ ಮಾಡುತ್ತದೆ. ವಿ.ಇ.ಜಿ.ಎಫ್. ಎಂಬ ಬೆಳವಣಿಗೆಯ ಪ್ರೇರಕವನ್ನೂ ಗೋಡೆಯಲ್ಲಿ ಹುಟ್ಟಿಸುತ್ತದೆ. ಗಾಯವಾದ ಕಡೆ ಹೊಸ ಸಣ್ಣ ನಾಳಗಳು ಚಿಗುರುವುದು ಈ ಪ್ರೇರಕದಿಂದಲೇ. ಎರಡನೆಯದು ಗೋಡೆಯ ಸ್ನಾಯುಕೋಶಗಳನ್ನು ಬೆಳೆಸುತ್ತದೆ. ಆರೋಗ್ಯವಂತರಲ್ಲಿ ಇವೆರಡೂ ಹದವಾಗಿರುತ್ತವೆ.

ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಸಕ್ಕರೆ ಕಾಯಿಲೆಯಲ್ಲಿ ದೇಹವು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಅದರಲ್ಲೂ ಮೊದಲನೆಯ ಅಪ್ಪಣೆ ಸೊರಗುತ್ತದೆ. ಎರಡನೆಯದು ಮಾತ್ರ ನಡೆಯುತ್ತಲೇ ಇರುತ್ತದೆ. ಇದರಿಂದ ಗೋಡೆ ದಪ್ಪವಾಗಿ ನಾಳ ಕಿರಿದಾಗಲು ದಾರಿಯಾಗುತ್ತದೆ. ಹೂಳು ತುಂಬಿದ ಕಾಲುವೆಯಿಂದ ಕೊನೆಯ ಮಡಿಗೆ ನೀರು ಹೋಗದಂತೆ, ಪಾದಕ್ಕೆ ಸಾಕಷ್ಟು ರಕ್ತ ಹೋಗುವುದಿಲ್ಲ. ಹೊಸ ನಾಳಗಳೂ ಚಿಗುರುವುದಿಲ್ಲ. ಮೇಲಾಗಿ ನರಗಳು ಮರಗಟ್ಟಿದ್ದರೆ ಗಾಯವಾದದ್ದೇ ತಿಳಿಯುವುದಿಲ್ಲ.

ಕಣ್ಣಿನಲ್ಲಾದರೋ ಇದಕ್ಕೆ ವಿರುದ್ಧ. ಅಲ್ಲಿ ಅದೇ ಪ್ರೇರಕ ಅತಿಯಾಗಿ, ದುರ್ಬಲ ನಾಳಗಳು ಬೆಳೆದು, ಒಡೆದು, ದೃಷ್ಟಿ ಕೆಡಬಹುದು.

ಆದುದರಿಂದ ಈ ಮಾತುಗಳನ್ನು ನೆನಪಿನಲ್ಲಿಡಿ:

30 ವರ್ಷ ದಾಟಿದವರು ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ.

ಕಾಯಿಲೆ ಇರುವವರು ಬರಿಗಾಲಿನಲ್ಲಿ ತಿರುಗಬೇಡಿ. ದಿನವೂ ರಾತ್ರಿ ಪಾದ ತೊಳೆದು, ಒರೆಸಿ, ಬೆರಳ ಸಂದು ನೋಡಿಕೊಳ್ಳಿರಿ. ಕಣ್ಣು ಮಂಜಾದವರಿಗೆ ಮನೆಯವರು ನೋಡಿ ಹೇಳಲಿ.

ಗಾಯ ಕಂಡರೆ ಸುಣ್ಣ, ಸಗಣಿ ಹಚ್ಚದೆ ಕೂಡಲೇ ವೈದ್ಯರಿಗೆ ತೋರಿಸಿರಿ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯೂ ಆಗಲಿ.

ಬೀಡಿ, ಹೊಗೆಸೊಪ್ಪು ಬಿಡಿರಿ. ಅವು ನಾಳವನ್ನು ಇನ್ನಷ್ಟು ಕೆಡಿಸುತ್ತವೆ.

ವೈದ್ಯರು ಬರೆದ ಮಾತ್ರೆಯನ್ನಾಗಲಿ, ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ತಾವಾಗಿಯೇ ನಿಲ್ಲಿಸಬೇಡಿ.

ಎತ್ತಿನ ಗೊರಸನ್ನು ದಿನವೂ ನೋಡುವ ರೈತನು ತನ್ನ ಪಾದವನ್ನೂ ನೋಡಿಕೊಳ್ಳಲೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.