ನಖಪರೀಕ್ಷೆಯೂ ದೇಹರಕ್ಷಣೆಯೂ



ಇಷ್ಟಲಿಂಗವನ್ನು ಎಡದ ಕರಸ್ಥಲದಲ್ಲಿರಿಸಿ ಪೂಜಿಸುವ ಭಕ್ತನಿಗೆ ಪ್ರತಿನಿತ್ಯವೂ ತನ್ನ ಹಸ್ತದ ದರ್ಶನವಾಗುವುದು. ಲಿಂಗಕ್ಕೆ ಪೀಠವಾದ ಆ ಹಸ್ತದ ಉಗುರುಗಳು ದೇಹಸ್ಥಿತಿಯನ್ನು ಸೂಚಿಸುತ್ತಿರುವುವೆಂಬುದನ್ನು ಅನೇಕರು ಗಮನಿಸುವುದಿಲ್ಲ.

ಸುಶ್ರುತಾಚಾರ್ಯರು ನಖವನ್ನು ಅಸ್ಥಿಧಾತುವಿನ ಮಲವೆಂದು ಗಣಿಸಿರುವರು. ಚರಕಸಂಹಿತೆಯ ಇಂದ್ರಿಯಸ್ಥಾನವು ವರ್ಣವಿಕಾರವನ್ನು ನೋಡಬೇಕಾದ ಅಂಗಗಳಲ್ಲಿ ನಖವನ್ನೂ ಸೇರಿಸಿರುವುದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆದು, ಬುಡದಿಂದ ತುದಿಗೆ ಬರಲು ಸುಮಾರು 6 ತಿಂಗಳು ಹಿಡಿಯುವುದು. ಆದಕಾರಣ ಅದು ಅರ್ಧ ಸಂವತ್ಸರದ ದಿನಚರಿಯಂತಿರುವುದು. ತೀವ್ರಜ್ವರದಲ್ಲಿ ಬೆಳವಣಿಗೆ ಕುಂಠಿತವಾದರೆ ಅಡ್ಡಲಾಗಿ ತೋಡು ಮೂಡುವುದು. ಫ್ರೆಂಚ್ ವೈದ್ಯನಾದ ಬೋ ಎಂಬಾತನು 1846ರಲ್ಲಿ ಇದನ್ನು ವರ್ಣಿಸಿದನು.

ಉಗುರು ತೆಳುವಾಗಿ ಸೌಟಿನಂತೆ ಗುಳಿಬಿದ್ದರೆ ದೇಹದಲ್ಲಿ ಕಬ್ಬಿಣದ ಅಂಶವು ಕುಂದಿರಬಹುದು. ಮನೆಮಂದಿಯೆಲ್ಲ ಉಂಡಮೇಲೆ ಉಳಿದುದನ್ನು ಉಣ್ಣುವ ತಾಯಂದಿರ ಕೈಗಳನ್ನು ಈ ದೃಷ್ಟಿಯಿಂದ ನೋಡತಕ್ಕದ್ದು. ಅವರ ಆಯಾಸವನ್ನು ಸೋಮಾರಿತನವೆಂದು ಹಳಿಯುವುದು ಅಧರ್ಮವು. ಹರಿವೆ, ಹುರುಳಿ, ನೆಲ್ಲಿಕಾಯಿ ಹಿತಕರವೇ ಸರಿ. ಆದರೆ ಕೊಕ್ಕೆಹುಳುವಾಗಲಿ ಅಧಿಕ ರಜಸ್ಸ್ರಾವವಾಗಲಿ ಕಾರಣವಾಗಿದ್ದರೆ ಸೊಪ್ಪಿನಿಂದಲೇ ಗುಣವಾಗದು. ರಕ್ತಪರೀಕ್ಷೆಯೇ ಪ್ರಮಾಣವು.

ಬೆರಳ ತುದಿ ದಪ್ಪನಾಗಿ, ಉಗುರು ಗಿಣಿಯ ಕೊಕ್ಕಿನಂತೆ ಬಾಗಿದರೆ ಶ್ವಾಸಕೋಶ ಅಥವಾ ಹೃದಯದ ವ್ಯಾಧಿಯನ್ನು ಶಂಕಿಸಬೇಕು. ಎರಡು ಕೈಗಳ ಒಂದೇ ಬೆರಳಿನ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿದಾಗ ನಡುವೆ ವಜ್ರಾಕೃತಿಯ ಕಿರುಗಂಡಿ ಕಾಣುವುದು ಸಹಜ. ಅದು ಮುಚ್ಚಿದ್ದರೆ ವೈದ್ಯರನ್ನು ಕಾಣಬೇಕು. ಒಂದೇ ಉಗುರಿನಲ್ಲಿ ಕಪ್ಪುಗೆರೆಯು ಹೊಸದಾಗಿ ಮೂಡಿ ಅಗಲವಾಗುತ್ತಿದ್ದರೆ ವಿಳಂಬ ಸಲ್ಲದು, ಅದು ಅರ್ಬುದವಾಗಿರಬಹುದು.

ಎಲ್ಲ ವಿಕಾರವೂ ಒಳರೋಗದ ಚಿಹ್ನೆಯಲ್ಲ. ಕಾಪುವಿನ ಕಡಲತೀರದಲ್ಲಿ ಮೀನು ಹಸನುಮಾಡುವವರಿಗೂ, ಕಾರ್ಕಳದ ಗದ್ದೆಗಳಲ್ಲಿ ನೇಜಿ ನೆಡುವವರಿಗೂ ಕೈ ಸದಾ ಒದ್ದೆಯಾಗಿರುವುದರಿಂದ ಉಗುರುಸುತ್ತು ಬರುವುದುಂಟು; ಕಾಯಕ ಮುಗಿದೊಡನೆ ಕೈಯನ್ನು ಒರಸಿ ಒಣಗಿಸತಕ್ಕದ್ದು, ಕೀವಾದರೆ ಚಿಕಿತ್ಸೆ ಪಡೆಯತಕ್ಕದ್ದು. ಕೊಕ್ಕರೆಯು ಕೊಟ್ಟ ಕಾಣಿಕೆಯೆಂದು ಮಕ್ಕಳು ಹರ್ಷಿಸುವ ಬಿಳಿಯ ಚುಕ್ಕೆಯು ಪ್ರಾಯಶಃ ಉಗುರಿನ ಬುಡಕ್ಕೆ ತಗಲಿದ ಸಣ್ಣ ಪೆಟ್ಟಿನ ಫಲವು. ಸುಣ್ಣದಂಶದ ಕೊರತೆಯೆಂದು ಹೆದರಬೇಕಾಗಿಲ್ಲ.

ಮದರಂಗಿಯ ಬಣ್ಣವು ಈ ಸೂಚನೆಗಳನ್ನು ಮರೆಮಾಡುವುದಾದ್ದರಿಂದ ವೈದ್ಯರಲ್ಲಿಗೆ ಹೋಗುವಾಗ ಉಗುರು ಬಣ್ಣವಿಲ್ಲದಿರುವುದು ಲೇಸು. ಉಡುಪಿಯ ಸೀಮೆಯಲ್ಲಿ ವೈದ್ಯರಿಗೆ ಕೊರತೆಯಿಲ್ಲ; ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ವಿದ್ಯಾಲಯವನ್ನು ಸ್ಥಾಪಿಸಿದರು. ಉಗುರು ಸಾಕ್ಷಿ ಹೇಳುವುದು, ನಿರ್ಣಯವು ವೈದ್ಯನದು. ಲಿಂಗಪೂಜೆಗೆ ಕುಳಿತಾಗ ಭಕ್ತನು ತನ್ನ ಕೈಯನ್ನೂ, ಪೂಜೆ ಮುಗಿದಮೇಲೆ ಮನೆಯವರ ಕೈಗಳನ್ನೂ ಕರುಣೆಯಿಂದ ನೋಡಲಿ. ಕಾಯವು ಕುಂದಿದರೆ ಕಾಯಕವು ಸಾಗದು, ದಾಸೋಹವು ನಡೆಯದು.

ಸರ್ವರಿಗೂ ಆಯುರಾರೋಗ್ಯ ಪ್ರಾಪ್ತಿಯಾಗಲಿ.