ಮಾಂಟ್ರೋಸನ ಎರಡು ನಿಷ್ಠೆಗಳು

1650ನೆಯ ಇಸವಿ ಮೇ 21ರಂದು ಎಡಿನ್‌ಬರೋ ನಗರದ ಪೇಟೆಬೀದಿಯಲ್ಲಿ ಒಬ್ಬ ಕುಲೀನನನ್ನು ಗಲ್ಲಿಗೇರಿಸಿದರು. ಕೊರಳಿನಲ್ಲಿ ಉರುಳಿನೊಡನೆ ಒಂದು ಪುಸ್ತಕವೂ ತೂಗುತ್ತಿತ್ತು. ಅವನ ದಂಡಯಾತ್ರೆಗಳನ್ನು ಕೊಂಡಾಡಿ ಜಾರ್ಜ್ ವಿಶಾರ್ಟ್ ಎಂಬ ಪಾದ್ರಿ ಲ್ಯಾಟಿನ್ ಭಾಷೆಯಲ್ಲಿ ಬರೆದಿದ್ದ ಗ್ರಂಥವದು. ವೈರಿಗಳು ಕಟ್ಟಿದ್ದು ಅಣಕಕ್ಕಾಗಿ. ಗ್ರಂಥಕರ್ತರಾದ ನಮಗೋ, ಕಪಾಟಿನಲ್ಲಿ ಧೂಳು ಹಿಡಿಯುವುದಕ್ಕಿಂತ ಆ ಗತಿಯೇ ವಾಸಿಯೆನಿಸಿದರೆ ಆಶ್ಚರ್ಯವಿಲ್ಲ.

ಅವನೇ ಮಾಂಟ್ರೋಸಿನ ಮಾರ್ಕ್ವಿಸ್ ಜೇಮ್ಸ್ ಗ್ರೇಹಮ್. ಹುಟ್ಟಿದ್ದು 1612ರಲ್ಲಿ. ಒಂದನೆಯ ಚಾರ್ಲ್ಸ್ ದೊರೆ ಸ್ಕಾಟ್ಲೆಂಡಿನ ಚರ್ಚಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕವೊಂದನ್ನು ಹೇರಹೊರಟಾಗ, ಅದನ್ನು ವಿರೋಧಿಸಿ 1638ರಲ್ಲಿ ಆ ನಾಡಿನವರು ರಾಷ್ಟ್ರೀಯ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ಮೊದಮೊದಲು ಸಹಿ ಮಾಡಿದವರಲ್ಲಿ ಮಾಂಟ್ರೋಸನೂ ಒಬ್ಬನು. ಮರುವರ್ಷ ಅರಸನ ಕಡೆಗಿದ್ದ ಅಬರ್ಡೀನ್ ನಗರವನ್ನು ಪ್ರತಿಜ್ಞೆಯ ಪರವಾಗಿ ಹಿಡಿದವನೂ ಅವನೇ. ಆದರೆ ಆರ್ಗೈಲ್ ಮೊದಲಾದ ಮುಂದಾಳುಗಳು ಧರ್ಮದ ಹೆಸರಿನಲ್ಲಿ ರಾಜ್ಯಾಧಿಕಾರವನ್ನೇ ಕೈವಶ ಮಾಡಿಕೊಳ್ಳುತ್ತಿರುವರೆಂದು ತೋರಿದಾಗ ಅರಸನ ಕಡೆಗೆ ಸರಿದನು. ಇಂದಿನ ಮಾತಿನಲ್ಲಿ ಪಕ್ಷಾಂತರ. ತಾನು 1638ರ ಪ್ರತಿಜ್ಞೆಯನ್ನು ಮುರಿಯಲಿಲ್ಲವೆಂದೇ ಅವನು ಕೊನೆಯವರೆಗೂ ವಾದಿಸಿದನು; ನಾನು ಆ ಮಾತನ್ನು ನಂಬುತ್ತೇನೆ.

ಐರ್ಲೆಂಡಿನ ಕಾಲಾಳುಗಳನ್ನೂ ಗುಡ್ಡಗಾಡಿನ ಕುಲದವರನ್ನೂ ಕೂಡಿಸಿಕೊಂಡು 1644–45ರಲ್ಲಿ, ಒಂದು ವರ್ಷ ತುಂಬುವುದರೊಳಗೆ, ಆರು ಕಾಳಗಗಳನ್ನು ಗೆದ್ದನು. ಹಿಮ ತುಂಬಿದ ಬೆಟ್ಟಗಳನ್ನು ದಾಟಿ ಇನ್ವರ್‌ಲಾಕಿಯಲ್ಲಿ ಎರಗಿದಾಗ, ಆರ್ಗೈಲ್ ತನ್ನವರ ಸೋಲನ್ನು ನಾವೆಯಿಂದಲೇ ನೋಡಬೇಕಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ವೀರಗಾಥೆಯಾಗುತ್ತದೆ. ಆದರೆ 1644ರ ಸೆಪ್ಟೆಂಬರಿನಲ್ಲಿ ಅವನು ಅದೇ ಅಬರ್ಡೀನಿಗೆ ಬಂದನು, ಈ ಸಲ ಅರಸನ ದಳಪತಿಯಾಗಿ. ಶರಣಾಗಿರೆಂದು ಹೇಳಿಕಳಿಸಿದ ದೂತನೊಡನೆ ಹೋಗಿದ್ದ ಡೋಲಿನ ಹುಡುಗನನ್ನು ಎದುರು ಪಕ್ಷದವರು ಗುಂಡಿಕ್ಕಿ ಕೊಂದರು. ರೋಷಗೊಂಡ ಮಾಂಟ್ರೋಸ್ ಗೆದ್ದ ಮೇಲೆ ಸೈನಿಕರನ್ನು ಊರಿನ ಮೇಲೆ ಬಿಟ್ಟನು. ದಿನಗಟ್ಟಲೆ ಸುಲಿಗೆ, ಕೊಲೆ. ಸೇನಾಪತಿಯ ನಿಷ್ಠೆ ಬದಲಾಗಿತ್ತು. ಪೆಟ್ಟು ತಿಂದ ಊರು ಬದಲಾಗಿರಲಿಲ್ಲ. ಆ ಹುಡುಗನ ಸಾವು ಇದಕ್ಕೆ ಕಾರಣವಾದೀತು, ಸಮರ್ಥನೆಯಾಗದು.

1645ರಲ್ಲಿ ಫಿಲಿಪ್‌ಹಾ ಎಂಬಲ್ಲಿ ಸೋತು, ಮರುವರ್ಷ ದೇಶ ಬಿಟ್ಟನು. 1649ರಲ್ಲಿ ಒಂದನೆಯ ಚಾರ್ಲ್ಸನ ಶಿರಚ್ಛೇದವಾಯಿತು. ಮಗ ಎರಡನೆಯ ಚಾರ್ಲ್ಸ್ ಮಾಂಟ್ರೋಸನನ್ನು ಮತ್ತೆ ಯುದ್ಧಕ್ಕೆ ಅಟ್ಟಿ, ಅತ್ತ ಅವನ ವೈರಿಗಳೊಡನೆಯೇ ಸಂಧಿಯ ಮಾತಿಗೆ ಕುಳಿತನು. ಮಾಂಟ್ರೋಸ್ ಸೋತು ಸೆರೆಯಾದಾಗ ಕೈಬಿಟ್ಟನು. ಗಲ್ಲಿನ ತರುವಾಯ ತಲೆಯನ್ನು ಎಡಿನ್‌ಬರೋ ಸೆರೆಮನೆಯ ಮೇಲಣ ಶೂಲಕ್ಕೆ ಚುಚ್ಚಿದರು. ಕೈಕಾಲುಗಳನ್ನು ನಾಲ್ಕು ಊರುಗಳಿಗೆ ಕಳಿಸಿದರು. ಒಂದು ಅಬರ್ಡೀನಿಗೆ ಹೋಯಿತು.

1651ರ ಜನವರಿ 1ರಂದು ಸ್ಕೂನ್ ಎಂಬಲ್ಲಿ ಎರಡನೆಯ ಚಾರ್ಲ್ಸನ ತಲೆಗೆ ಕಿರೀಟವಿಟ್ಟವನು ಆರ್ಗೈಲ್. ಹತ್ತು ವರ್ಷ ಕಳೆದು, 1661ರ ಮೇ ತಿಂಗಳಲ್ಲಿ, ಅದೇ ಚಾರ್ಲ್ಸನ ಆಳ್ವಿಕೆಯಲ್ಲಿ ಮಾಂಟ್ರೋಸನ ಅವಶೇಷಗಳನ್ನು ಕೂಡಿಸಿ ರಾಜಮರ್ಯಾದೆಯಿಂದ ಮಣ್ಣುಮಾಡಿದರು. ಅದೇ ತಿಂಗಳು ಆರ್ಗೈಲನ ತಲೆ ಕಡಿದು, ತೆರವಾಗಿದ್ದ ಆ ಶೂಲಕ್ಕೆ ಏರಿಸಿದರು.